ಗುಂಡಿ ಎಲ್ಲಿದೆ ಅಂತ ಯಾರಿಗೆ ಗೊತ್ತು?

ಹೋದ ಚಳಿಗಾಲ ನನ್ನ ಮಗ ಹಿತ್ತಲಿನ ದಿಬ್ಬದ ಮೇಲೆ ಹಿಮದಲ್ಲಿ ಜಾರಾಡುತ್ತಿದ್ದ. ನಾನು ಕಿಟಕಿಯಲ್ಲಿ ನಿಂತು ವಿಡಿಯೊ ಮಾಡುತ್ತಿದ್ದೆ. ಪಕ್ಕದ ಮನೆ ಮುದುಕ ಬಂದವನೇ ನನಗೆ ಸರಿಯಾಗಿ ಬೈದ. ಅದು ಸುಮ್ನೆ ದಿಬ್ಬ ಅಲ್ಲ, ನಮ್ಮನೆ ಕಕ್ಕಸು, ಬಚ್ಚಲಿನ ನೀರೆಲ್ಲ ಇಂಗುವ ಜಾಗ. ಹಿಮ ತುಳಿದು ಗಟ್ಟಿಯಾದರೆ ಚಳಿ ಕೆಳಗಿಳಿದು ಪೈಪೇ ಹೆಪ್ಪುಗಟ್ಟುತ್ತಂತೆ. ಮನೆ ಕೊಂಡು ಎರಡು ವರ್ಷ ಆಗಿತ್ತು. ನಮ್ಮನೆ ಗಲೀಜು ಎಲ್ಲಿಗೆ ಹೋಗುತ್ತೆ ಅಂತ ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ!

ನಾವಿರೋದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹಳ್ಳಿಗಾಡಲ್ಲಿ. ಒಳಚರಂಡಿ ಇಲ್ಲ. ಮನೆಮನೆಗೂ ತನ್ನದೇ ಬೋರ್‌ವೆಲ್, ತನ್ನದೇ ಸೆಪ್ಟಿಕ್ ಟ್ಯಾಂಕ್. ಅಂತರ್ಜಲ ತೀರಾ ಮೇಲಿರುವ ಕಡೆ ಮರಳು ಸುರಿದು ದಿಬ್ಬ ಕಟ್ಟಿ, ಟ್ಯಾಂಕಿನ ನೀರನ್ನು ಪಂಪಿನಲ್ಲಿ ಅದಕ್ಕೆ ಹತ್ತಿಸುತ್ತಾರೆ. ಮರಳಲ್ಲಿ ನಿಧಾನಕ್ಕೆ ಇಳಿಯುವಾಗ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದುಹಾಕುತ್ತವೆ. ಮನೆ ಕಟ್ಟೋಕೆ ಮುಂಚೆ ಮಣ್ಣು ಪರೀಕ್ಷೆ ಆಗಲೇಬೇಕು.

ಈ ಬೇಸಿಗೆಯಲ್ಲಿ ಕೌಂಟಿಯಿಂದ, ಅಂದ್ರೆ ಇಲ್ಲಿಯ ಜಿಲ್ಲಾಡಳಿತದಿಂದ, ಕಾಗದ ಬಂತು. ಹಿಂದಿನ ತಪಾಸಣೆ ಆಗಿ 3 ವರ್ಷ ಆಯ್ತು, ಟ್ಯಾಂಕ್ ತೋರಿಸಿ. ಟ್ಯಾಂಕ್ ನೋಡೋ ಲಾರಿಯವನು ಬಂದು ಮುಚ್ಚಳ ತೆಗೆದು, ಉದ್ದನೆ ಕೋಲು ಇಳಿಸಿ ಅಳೆದ. ಮೇಲೆ ಜಿಡ್ಡಿನ ಕೆನೆ, ನಡುವೆ ನೀರು, ತಳದಲ್ಲಿ ಕೆಸರು. ಹೊರಗೆ ಹೋಗುವ ಬಾಯಿಯ ಫಿಲ್ಟರ್ ಎಳೆದು ಪೈಪ್ ಬಿಟ್ಟು ತೊಳೆದ. ಎಣ್ಣೆ ಜಾಸ್ತಿ ಸಿಂಕಿಗೆ ಹಾಕ್ತೀರಿ ಅಂದ. ಒಗ್ಗರಣೆ ಮನೆ ಅಂತ ಅವನಿಗೂ ಗೊತ್ತಾಗಿಬಿಡ್ತು!

ಊರಿಗೆ ಹೋದಾಗ ಇದೇ ಗುಂಗಲ್ಲಿ ನಮ್ಮನೆ ಕಕ್ಕಸಿನ ಗುಂಡಿ ಎಲ್ಲಿದೆ ಅಂತ ಕೇಳಿದೆ. ಅಪ್ಪ ಕೊಟ್ಟಿಗೆ ಕಡೆ ಕೈ ತೋರಿಸಿದರು, ಅಮ್ಮ ಕನಕಾಂಬರದ ಕಡೆ. ತುಂಬಿದರೆ ಏನ್ಮಾಡ್ತೀರಿ ಅಂದ್ರೆ, "ಇನ್ನೊಂದು ತೋಡಿಸಿದ್ರಾಯ್ತು ಬಿಡೋ." ಬೋರ್‌ವೆಲ್ ಅಲ್ಲಿಂದ ಹದಿನೈದು ಹೆಜ್ಜೆಯೂ ಇಲ್ಲ. ತುಂಬಿದ್ದನ್ನು ಎಳೆಸಿದವರ ಮನೆಯದು ಇನ್ನೊಂದು ಕಥೆ. ಟ್ರ್ಯಾಕ್ಟರ್ ಟ್ಯಾಂಕರ್ ರಾತ್ರಿ ಬರುತ್ತೆ, ಬೆಳಿಗ್ಗೆ ಹಳ್ಳ ನಾರುತ್ತೆ. ಯಾರು ಸುರಿದರು ಅಂತ ಎಲ್ಲರಿಗೂ ಗೊತ್ತು, ಯಾರೂ ಕೇಳಲ್ಲ.

ಹಳ್ಳಿಯ ಮನೆಮನೆಗೂ ನಲ್ಲಿ ನೀರು ಕೊಡೋಕೆ 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್. ನಲ್ಲಿಯಲ್ಲಿ ನೀರು ಬಂದಾಗ ಫೋಟೊ ತೆಗೆಸಿಕೊಂಡರು, ಪೂಜೆ ಮಾಡಿದರು. ಅದೇ ನೀರು ಬಚ್ಚಲಿಂದ ಹೊರಬಿದ್ದು ಬೀದಿ ಚರಂಡಿಗೆ ಸೇರಿ, ಚರಂಡಿ ಶಾಲೆ ಗೋಡೆ ಹತ್ತಿರ ಇದ್ದಕ್ಕಿದ್ದಂತೆ ನಿಂತುಹೋಗುತ್ತೆ, ಮುಂದೆ ಕಾಮಗಾರಿಗೆ ದುಡ್ಡಿಲ್ಲ ಅಂತ. ಅಲ್ಲಿ ಸೊಳ್ಳೆಗೆ ಮಾತ್ರ ಸುಖ. ಒಳಗೆ ಬರೋ ನೀರಿಗಿರೋ ಮರ್ಯಾದೆ ಹೊರಗೆ ಹೋಗೋ ನೀರಿಗೆ ಯಾಕಿಲ್ಲ? ನಮ್ಮ ಜನಕ್ಕೆ ತಿಳಿವಳಿಕೆ ಇಲ್ಲ ಅಂತ ನಾನು ಒಪ್ಪಲ್ಲ. ಗುಂಡಿ ಮುಚ್ಚಿದ ಮೇಲೆ ಅದು ಇಲ್ಲವೇ ಇಲ್ಲ ಅಂದುಕೊಳ್ಳೋ ಸೋಮಾರಿತನ ಇದು, ಅಷ್ಟೇ.

ಇಲ್ಲಿಯದೆಲ್ಲ ಚಿನ್ನ ಅಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಈ ದಿಬ್ಬ ಕಟ್ಟೋಕೆ ಹತ್ತು ಸಾವಿರ ಡಾಲರ್ ದಾಟುತ್ತೆ, ನಮ್ಮೂರಲ್ಲಿ ಯಾರು ಕೊಡ್ತಾರೆ? ನನ್ನ ಟ್ಯಾಂಕಿಗೆ ಇಷ್ಟು ಕಣ್ಗಾವಲು ಇಡೋ ಇದೇ ರಾಜ್ಯದ ಕೆವಾನಿ ಕೌಂಟಿಯಲ್ಲಿ, ಹೊಲಕ್ಕೆ ಸುರಿದ ಹಸುಗಳ ಗಂಜಲ, ಸಗಣಿ ಬಿರುಕು ಬಂಡೆಯಲ್ಲಿ ಇಳಿದು ಜನರ ಬಾವಿ ಕೆಟ್ಟಿವೆ. ನಮ್ಮಲ್ಲೂ ಏನೂ ಆಗಿಲ್ಲ ಅಂತಲ್ಲ, ದೇವನಹಳ್ಳಿಯಲ್ಲಿ 2015ರಲ್ಲೇ ಗುಂಡಿಯ ಮಲದ ಕೆಸರನ್ನು ಸಂಸ್ಕರಿಸೋ ಘಟಕ ಬಂತು. ಇನ್ನು ಅಮ್ಮನ ಬಚ್ಚಲ ನೀರು ಹಿತ್ತಲ ಬಾಳೆಗೆ ಹೋಗುತ್ತೆ, ತೊಟ್ಟೂ ದಂಡ ಇಲ್ಲ. ನಾನಿಲ್ಲಿ ಪಾತ್ರೆ ತೊಳೆದ ನೀರನ್ನೂ ಕಕ್ಕಸಿನ ಜೊತೆ ಕಲೆಸಿ, ಆಮೇಲೆ ಅದನ್ನೇ ಸೋಸೋಕೆ ಪಂಪ್ ಓಡಿಸ್ತೀನಿ.

ಮೊನ್ನೆ ಫೋನಲ್ಲಿ ಅಮ್ಮನ್ನ ಕೇಳಿದೆ, ಆ ಗುಂಡಿ ತೋಡಿಸಿ ಎಷ್ಟು ವರ್ಷ ಆಯ್ತು ಅಂತ.

"ನಿನ್ನ ತಂಗಿ ಮದುವೆಗೆ ಮುಂಚೆ ಕಣೋ. ನೆಂಟರು ಬರ್ತಾರೆ ಅಂತ ತೋಡಿಸಿದ್ದು."

ತಂಗಿ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ.