ಇನ್ನೊಂಚೂರು ಕೆಂಪು, ಮಾಮ

ಬಣ್ಣಗಳಲ್ಲೆಲ್ಲ ಬಿಳಿಯಷ್ಟು ಹಟಮಾರಿ ಇನ್ನೊಂದಿಲ್ಲ.

ಅಕ್ಕನ ಮಗನಿಗೆ ಗುಂಡಮ್ ಹುಚ್ಚು. 1979ರಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದ ಕಾರ್ಟೂನಿನ ಯುದ್ಧ ರೋಬೋ ಅದು. ಬಿಳಿ ಮೈ, ನೀಲಿ ಎದೆ, ಕೆಂಪು ಹೊಟ್ಟೆ, ಅಲ್ಲಲ್ಲಿ ಹಳದಿ. ಅದರ ಒಂದು ಚಿತ್ರವನ್ನು ನಾನು ಕಂಪ್ಯೂಟರಿನಲ್ಲಿ ಪೂರ್ತಿ ಕೆಂಪು ಮಾಡಿಕೊಡಬೇಕಂತೆ. ಯಾಕಪ್ಪಾ ಅಂದರೆ, ಅದೇ ಕಥೆಯಲ್ಲಿ ಶಾರ್ ಅನ್ನುವವನ ಕೆಂಪು ಜಾಕು (ಅದೂ ಒಂದು ಯುದ್ಧ ರೋಬೋ), ಉಳಿದ ಹಸಿರು ಜಾಕುಗಳಿಗಿಂತ ಮೂರು ಪಟ್ಟು ಸ್ಪೀಡಂತೆ! ನೋಡಿದರೆ ಆ ಕೆಂಪೂ ಅರ್ಧ ಗುಲಾಬಿಯೇ. ಹಾಗಂದರೆ ಮುಖ ಊದಿಸುತ್ತಾನೆ.

ಒಂದು ಬಣ್ಣವನ್ನು ಇನ್ನೊಂದಕ್ಕೆ ತಿರುಗಿಸುವ ಹ್ಯೂ ಸ್ಲೈಡರ್ ಎಳೆದೆ. ನೀಲಿ ಎದೆ ಹಸಿರಾಯಿತು, ಕೆಂಪು ಹೊಟ್ಟೆ ನೀಲಿಯಾಯಿತು. ಬಿಳಿ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅದರಲ್ಲಿ ಬಣ್ಣವೇ ಇಲ್ಲ, ತಿರುಗಿಸುವುದಾದರೂ ಏನನ್ನು? ಕೊನೆಗೆ ಚಿತ್ರದ ಮೇಲೆ ಗಾಜಿನ ಹಾಳೆಯಂಥ ಒಂದು ಲೇಯರ್ ಹಾಕಿ, ಕೆಳಗಿನದೂ ಕಾಣುವಂತೆ ಬಣ್ಣ ಬೆರೆಸುವ 'ಮಲ್ಟಿಪ್ಲೈ' ಮೋಡ್‌ನಲ್ಲಿಟ್ಟು ಕೆಂಪು ಸುರಿದೆ. ನೆರಳು, ಕಪ್ಪು ಗೆರೆ ಎಲ್ಲ ಹಾಗೇ ಉಳಿದವು. ಆದರೆ ಭುಜದ ಗೆರೆಯಲ್ಲಿ ಕೂದಲೆಳೆಯಷ್ಟು ಸಂದಿ ಇತ್ತು. ಅಲ್ಲಿಂದ ಸೋರಿ ಆಕಾಶವೆಲ್ಲ ಕೆಂಪು. ಚಿತ್ರವೋ, ಹತ್ತು ಕೈ ದಾಟಿ ಬಂದ ಫಾರ್ವರ್ಡ್ ಜೆಪೆಗ್. ಅದು ಫೈಲ್ ಚಿಕ್ಕದು ಮಾಡುವಾಗ ಬೆಳಕಿಗಿಂತ ಬಣ್ಣದಲ್ಲೇ ಜಾಸ್ತಿ ಜಿಪುಣತನ ಮಾಡುತ್ತದೆ. ಹಾಗಾಗಿ ಅಂಚುಗಳೆಲ್ಲ ರಾಡಿ.

ಇದೆಲ್ಲ ಸಹಿಸಬಹುದು. ಕುರ್ಚಿಯ ಹಿಂದೆ ನಿಂತವನನ್ನು ಹೇಗೆ ಸಹಿಸುವುದು? ಕೈಯಲ್ಲಿ ಕೋಡುಬಳೆ, ಬಾಯಲ್ಲಿ ಒಂದೇ ಮಂತ್ರ: "ಇನ್ನೊಂಚೂರು, ಮಾಮ." ಕೆಂಪು ಏರಿಸಿದೆ. "ಇನ್ನೊಂಚೂರು." ಮತ್ತೆ ಏರಿಸಿದೆ. "ಜಾಸ್ತಿ ಆಯ್ತು. ಮೊದಲಿದ್ದದ್ದಕ್ಕಿಂತ ಇನ್ನೊಂಚೂರು." ಎಲ್ಲಿ ಅಂತ ಕೇಳಿದರೆ ಬೆರಳನ್ನು ಸ್ಕ್ರೀನಿಗೇ ಒತ್ತುತ್ತಾನೆ. "ಇಲ್ಲಿ ನೋಡು, ಮೊಣಕಾಲ ಹತ್ರ ಮಸುಕಾಗಿದೆ." ಮಸುಕಾಗದೆ ಏನು, ಅವನದೇ ಕೋಡುಬಳೆ ಎಣ್ಣೆ! ಅಂಗಿಯ ತುದಿಯಿಂದ ಒರೆಸಿದೆ. "ಹ್ಞಾಂ, ಈಗ ಸರಿಹೋಯ್ತು. ಯಾವ ಟೂಲ್ ಅದು?"

ಅವನ ವಯಸ್ಸಲ್ಲಿ ನಾನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಟ್ಯಾಂಕ್ ಬರೆಯುತ್ತಿದ್ದೆ. ಇದ್ದದ್ದು ನೀಲಿ ರೀಫಿಲ್ ಒಂದೇ. ಟ್ಯಾಂಕ್, ಆಕಾಶ, ಬೆಂಕಿ ಎಲ್ಲ ನೀಲಿ. ಯಾರಿಗೂ ತೋರಿಸುತ್ತಿರಲಿಲ್ಲ. ತೋರಿಸಿದ್ದರೆ, ಹಿಂದೆ ನಿಂತು ಇನ್ನೊಂಚೂರು ಅನ್ನುವವರು ಯಾರಾದರೂ ಇರುತ್ತಿದ್ದರೇನೋ.

ಅಂತೂ ಮುಗಿಸಿ, ಅವನು ಮನೆ ಸೇರಿದ ಮೇಲೆ ಅಕ್ಕನ ಫೋನಿಗೆ ಕಳಿಸಿದೆ. ತಕ್ಷಣ ಕಾಲ್: "ಮಾಮ, ಕಿತ್ತಳೆ ಕಾಣ್ತಿದೆ!" ವಿಚಾರಿಸಿದರೆ ಅಕ್ಕ ರಾತ್ರಿ ಓದುವ ಹಳದಿ ಬೆಳಕಿನ ಮೋಡ್ ಅನ್ನು ಹಗಲೂ ಹಾಕಿಟ್ಟಿದ್ದಾಳೆ. ತೆಗಿಯೇ ಅಂದೆ. "ಕಣ್ಣಿಗೆ ತಂಪು ಕಣೋ, ತೆಗೆಯಲ್ಲ. ನೀನೇ ಏನಾದ್ರೂ ಮಾಡು" ಅಂದಳು. ಈಗ ಅಕ್ಕನ ಫೋನಿಗಂತಲೇ ಬೇರೆ ಲೇಯರ್ ಹಾಕಿ, ಕೆಂಪಿಗೆ ಚೂರು ಚೂರೇ ನೀಲಿ ಬೆರೆಸುತ್ತಾ ಕೂತಿದ್ದೇನೆ.