ಸರ್, ಒಂದೇ ಒಂದು ಮಾತು

ನನ್ನ ಭಾನುವಾರ ಪೂರ್ತಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ಚರ್ಚೆಯೊಂದರ ಒಂದು ಗಂಟೆ ಇಪ್ಪತ್ತು ನಿಮಿಷದ ಧ್ವನಿಮುದ್ರಣಕ್ಕೆ ಬಲಿಯಾಗಿದೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕೆಂದು ಅನುಭವಸ್ಥರು ಹೇಳುತ್ತಾರೆ. ಅವರ ಕೋಣೆಯಲ್ಲಿ ನಮ್ಮ ಸೆಮಿನಾರ್ ಹಾಲಿನ ಫ್ಯಾನ್ ಇರಲಿಲ್ಲ. ನನಗೆ ಒಂಬತ್ತು ಗಂಟೆ ಹಿಡಿಯಿತು. ಕಿವಿಯೊಳಗೆ ಅದು ಇನ್ನೂ ಗಡಗಡ ಎಂದು ತಿರುಗುತ್ತಿದೆ, ಅದರ ಮೇಲಿಂದ ಒಂದು ದನಿ "ಸರ್, ಒಂದೇ ಒಂದು ಮಾತು" ಎನ್ನುತ್ತಲೇ ಇದೆ.

ಎಲ್ಲಾ ಶುರುವಾದದ್ದು ಪ್ರಶ್ನಾವಳಿಯಿಂದ. ಕ್ಯಾಂಪಸ್ ಜೀವನದ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ ಕೇಳಿ ಹಂಚಿದ ಹಾಳೆಗಳು ಹಿಂದಿರುಗಿದಾಗ, ಬಹುತೇಕರು "ತೃಪ್ತಿಕರ" ಎಂಬ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಗೆರೆ ಎಳೆದಿದ್ದರು. ಒಬ್ಬ ಮಹಾಶಯ ತನ್ನ ಹೆಸರು ಬರೆಯಬೇಕಾದ ಜಾಗಕ್ಕೂ ಟಿಕ್ ಹಾಕಿದ್ದ. ಇನ್ನು ಫೋಕಸ್ ಗ್ರೂಪ್ ನಡೆಸಿ ಎಂದು ಸುತ್ತೋಲೆ ಬಂತು. ಅದರಲ್ಲಿ ಇದಕ್ಕೆ "ಕೇಂದ್ರೀಕೃತ ಗುಂಪು ಚರ್ಚೆ" ಎಂದು ಹೆಸರು. ಚರ್ಚೆ ಯಾರ ಮೇಲೆ ಕೇಂದ್ರೀಕೃತವಾಗಲಿದೆ ಎಂಬುದು ನನಗಾಗ ಗೊತ್ತಿರಲಿಲ್ಲ.

ವಿಧಾನ ಹೇಳಲು ಸುಲಭ. ಆರರಿಂದ ಹತ್ತು ಮಂದಿಯನ್ನು ದುಂಡಗೆ ಕೂರಿಸಿ, ಒಂದು ಒಂದೂವರೆ ಗಂಟೆ, ತಮ್ಮತಮ್ಮಲ್ಲೇ ಮಾತಾಡುವಂತೆ ಮಾಡುವುದು. ನಡೆಸುವವನು ಕಡಿಮೆ ಮಾತಾಡಬೇಕು. ಹಿರಿಯರನ್ನೂ ಕಿರಿಯರನ್ನೂ ಬೆರೆಸಬಾರದು, ಕಿರಿಯರು ಬಾಯಿ ಬಿಡುವುದಿಲ್ಲ. ನಮ್ಮ ವೇಳಾಪಟ್ಟಿಯಲ್ಲಿ ಎಲ್ಲರಿಗೂ ಬಿಡುವಿದ್ದದ್ದು ಶುಕ್ರವಾರದ ಕೊನೆಯ ಅವಧಿ ಮಾತ್ರ, ಹಾಗಾಗಿ ಬೆರೆಸಿದೆ. ಎಂಟು ಮಂದಿ. ಹೆಸರು ಹೊರಬೀಳದಿರಲೆಂದು ಪ್ರತಿಯೊಬ್ಬರ ಮುಂದೆ ಒಂದೊಂದು ಸಂಖ್ಯೆಯ ಚೀಟಿ ನಿಲ್ಲಿಸಿದೆ.

ಮೂರನೇ ನಂಬರಿನವನು ಅಂತಿಮ ವರ್ಷದವನು. ನಾನು ಸ್ವಾಗತ ಮುಗಿಸುವ ಮೊದಲೇ "ಸರ್, ಒಂದೇ ಒಂದು ಮಾತು" ಎಂದ. ಧ್ವನಿಮುದ್ರಣದಲ್ಲಿ ಎಣಿಸಿದ್ದೇನೆ, ಒಟ್ಟು ಇಪ್ಪತ್ತಮೂರು ಒಂದೇ ಒಂದು ಮಾತುಗಳು. ಪ್ರತಿಯೊಂದರ ಬೆನ್ನಿಗೂ "ಇದರಲ್ಲಿ ಮೂರು ಅಂಶ ಬರುತ್ತದೆ ಸರ್" ಎಂಬ ಬಾಲ. ಹೇಳುತ್ತಲೇ ಎಡಗೈ ಎತ್ತಿ, ಬಲಗೈಯಿಂದ ಕಿರುಬೆರಳನ್ನು ಹಿಡಿದು ನಿಧಾನವಾಗಿ ಮಡಚುತ್ತಾನೆ. ಅದು ಮೊದಲನೆಯ ಅಂಶ. ಮೂರನೆಯ ಬೆರಳು ಮಡಚುವ ತನಕ ಬೇರೆ ಯಾರೂ ಬಾಯಿ ತೆರೆಯುವಂತಿಲ್ಲ. ಇದು ಯಾವ ನಿಯಮವೂ ಅಲ್ಲ, ಆದರೂ ಎಂಟು ಜನರೂ ಆ ಕೈಯನ್ನೇ ನೋಡುತ್ತಾ ಕೂತೆವು. ಗ್ರಂಥಾಲಯದ ಸಮಯದ ಬಗ್ಗೆ ಹೇಳುವಾಗ ಉಂಗುರದ ಬೆರಳು ಅರ್ಧ ಮಡಚಿಕೊಂಡು ಅಲ್ಲೇ ನಿಂತಿತು. "ಎರಡನೆಯದು... ಮರೆತೆ ಸರ್. ನೆನಪಾದಾಗ ಹೇಳುತ್ತೇನೆ." ಮುಂದಿನ ಹತ್ತು ನಿಮಿಷ ಶೌಚಾಲಯದ ಚಿಲಕ, ವೈಫೈ, ಹಾಜರಾತಿ ಎಲ್ಲವೂ ಚರ್ಚೆಯಾದವು, ಆ ಬೆರಳು ಮಾತ್ರ ಅರ್ಧಕ್ಕೇ ಇತ್ತು. ನನಗೆ ಎದ್ದು ಹೋಗಿ ಅದನ್ನು ಪೂರ್ತಿ ಮಡಚಿ ಬರೋಣ ಎನಿಸಿತು.

ಹಾಸ್ಟೆಲಿನ ನೀರಿನ ವಿಷಯ ಕೇಳಿದೆ. ಅದಕ್ಕೂ ಅವನೇ.

"ನೀನು ಹಾಸ್ಟೆಲಿನಲ್ಲಿ ಇದ್ದೀಯಾ?"

"ಇಲ್ಲ ಸರ್, ಮನೆಯಿಂದ ಬರುತ್ತೇನೆ. ಆದರೆ ನಮ್ಮೆಲ್ಲರ ಪರವಾಗಿ ಹೇಳುತ್ತಿದ್ದೇನೆ."

ಕಲಿತ ಉಪಾಯಗಳನ್ನೆಲ್ಲ ಪ್ರಯೋಗಿಸಿದೆ. ಅವನ ಕಣ್ಣು ತಪ್ಪಿಸಿ ಬೇರೆಯವರ ಕಡೆ ತಿರುಗಿದೆ. "ಉಳಿದವರು ಏನು ಹೇಳುತ್ತೀರಿ?" ಎಂದೆ, ಉಳಿದವರಲ್ಲಿ ಅವನೂ ಒಬ್ಬನಾಗಿದ್ದ. ಪ್ರಶ್ನೆ ಕೇಳಿ ಐದು ಸೆಕೆಂಡ್ ಸುಮ್ಮನಿದ್ದರೆ ಸಂಕೋಚದವರೂ ಮಾತಾಡುತ್ತಾರೆ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಎರಡು ಎಣಿಸುವಷ್ಟರಲ್ಲಿ ಎಡಗೈ ಮೇಲೆದ್ದಿರುತ್ತಿತ್ತು. ಪಕ್ಕದಲ್ಲಿ ಕೂತು ಟಿಪ್ಪಣಿ ಬರೆಯುತ್ತಿದ್ದ ಸಹೋದ್ಯೋಗಿಯ ಪುಸ್ತಕ ಇಣುಕಿದೆ. ಮೂರು, ಮೂರು, ಮೂರು, ಅದರ ಕೆಳಗೆ ಮತ್ತೆ ಮೂರು. ಮಗ್ಗಿ ಕಲಿಯುವ ಮಗುವಿನ ಪುಸ್ತಕದಂತಿತ್ತು.

ಈ ವಿಧಾನದ ಮೂಲ ಹುಡುಕಿದರೆ 1941ರ ಒಂದು ಸಂಜೆಗೆ ಹೋಗಬೇಕು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ತನ್ನ ಸಹೋದ್ಯೋಗಿ ರಾಬರ್ಟ್ ಮರ್ಟನ್‌ನನ್ನು ಊಟಕ್ಕೆ ಕರೆದು, ಊಟದ ಬದಲು ರೇಡಿಯೋ ಸ್ಟುಡಿಯೋಕ್ಕೆ ಎಳೆದುಕೊಂಡು ಹೋದ. ಅಲ್ಲಿ ಕೂತಿದ್ದ ಕೇಳುಗರ ಕೈಯಲ್ಲಿ ಎರಡು ಗುಂಡಿಗಳು: ಕಾರ್ಯಕ್ರಮ ಹಿಡಿಸಿದರೆ ಹಸಿರು, ಹಿಡಿಸದಿದ್ದರೆ ಕೆಂಪು. ಆಮೇಲೆ ಏಕೆ ಒತ್ತಿದಿರಿ ಎಂದು ವಿಚಾರಣೆ. ಪ್ರಶ್ನೆ ಕೇಳುವ ರೀತಿ ಸರಿಯಿಲ್ಲ ಎಂದು ಮರ್ಟನ್ ಚೀಟಿ ಬರೆದು ತಪ್ಪು ತೋರಿಸಿದ, ಹಾಗಾದರೆ ನೀನೇ ನಡೆಸು ಎಂದು ಕೆಲಸ ಅವನ ತಲೆಗೇ ಬಂತು. ತಪ್ಪು ತೋರಿಸಿದವನಿಗೆ ಕೆಲಸ ಅಂಟಿಕೊಳ್ಳುವುದು ಅಂದಿನಿಂದಲೂ ಇದೆ ಎಂದಾಯಿತು, ಪ್ರಶ್ನಾವಳಿ ಸರಿಯಿಲ್ಲ ಎಂದು ಸಭೆಯಲ್ಲಿ ಹೇಳಿದವನು ನಾನೇ. ಕಾಲಾನಂತರ ಆ ಚರ್ಚೆ ಉಳಿಯಿತು, ಗುಂಡಿಗಳು ಹೋದವು. ಶುಕ್ರವಾರ ನನಗೆ ಬೇಕಾಗಿದ್ದದ್ದು ಕೆಂಪು ಗುಂಡಿ.

ಸಂಜೆ ಪ್ರಾಂಶುಪಾಲರು ಸಿಕ್ಕರು. "ಶೇಕಡ ಎಷ್ಟು ಹುಡುಗರು ಸಂತೋಷವಾಗಿದ್ದಾರೆ?" ಇದು ಎಷ್ಟು ಮಂದಿ ಎಂದು ಎಣಿಸುವ ಕೆಲಸವಲ್ಲ, ಏಕೆ ಎಂದು ತಿಳಿಯುವ ಕೆಲಸ ಎಂದೆ. ಅವರು ಕಾದರು. ಮೂರನೆಯವನು ಸಂತೋಷವಾಗಿದ್ದಾನೆ, ಎಂಟರಲ್ಲಿ ಒಬ್ಬ, 12.5 ಎಂದೆ. ಬರೆದುಕೊಂಡರು.

ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ಹೆಡ್‌ಫೋನಿನಲ್ಲಿ ಬೇರೆ ಏನೋ ಕೇಳಿಸಿತು. ಫ್ಯಾನಿನ ಸದ್ದಿನ ಅಡಿಯಲ್ಲಿ, ಉಸಿರೆಳೆದುಕೊಂಡು "ಅದೂ..." ಎಂಬ ಸಣ್ಣ ದನಿ. ಐದನೇ ನಂಬರ್, ಮೊದಲ ವರ್ಷದ ಹುಡುಗಿ. ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಒಟ್ಟು ಮೂರು ಸಲ "ಅದೂ..." ಎಂದಿದ್ದಾಳೆ. ಎರಡು ಸಲ ಅವಳ ಮಾತಿನ ಮೇಲೆ ಒಂದೇ ಒಂದು ಮಾತು ಬಂದು ಬಿದ್ದಿದೆ. ಮೂರನೆಯ ಸಲ ಬಿದ್ದದ್ದು ನನ್ನದು: "ಸರಿ, ಮುಂದಿನ ಪ್ರಶ್ನೆಗೆ ಹೋಗೋಣ." ನಾನೂ ಕಾಲೇಜು ಸೇರಿದ ವರ್ಷ ಹೀಗೆಯೇ ಇದ್ದೆ. ಉಸಿರೆಳೆದುಕೊಂಡು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ತರಗತಿ ಮುಗಿದಿರುತ್ತಿತ್ತು. ಹಾಳೆಯಲ್ಲಿ "ಐದು: ಅದೂ..." ಎಂದು ಟೈಪ್ ಮಾಡಿ, ಮುಂದೆ ಏನು ಹಾಕಲಿ ಎಂದು ತುಂಬ ಹೊತ್ತು ಕೂತಿದ್ದೆ.

ಇವತ್ತು ಬೆಳಿಗ್ಗೆ ಮೆಟ್ಟಿಲ ಬಳಿ ಸಿಕ್ಕಳು. ತಡೆದು ನಿಲ್ಲಿಸಿದೆ.

"ಶುಕ್ರವಾರ ನೀನು ಏನೋ ಹೇಳಬೇಕೆಂದಿದ್ದೆಯಲ್ಲಮ್ಮ, ಮೂರು ಸಲ. ಈಗ ಹೇಳು, ಎಷ್ಟು ಹೊತ್ತಾದರೂ ಸರಿ."

ಪುಸ್ತಕವನ್ನು ಎದೆಗವಚಿಕೊಂಡು ಅತ್ತಿತ್ತ ನೋಡಿದಳು.

"ಏನಿಲ್ಲ ಸರ್. ಚಳಿಯಾಗುತ್ತಿತ್ತು. ಆ ಫ್ಯಾನ್ ಆರಿಸಬಹುದೇ ಎಂದು ಕೇಳೋಣ ಎಂದುಕೊಂಡೆ."