ನಸುಕಿನ ಮಹಜರು

ನಮ್ಮ ದೇಶದಲ್ಲಿ ಪೊಲೀಸರ ಪಾಲಿಗೆ ಅತ್ಯಂತ ಅಪಾಯಕಾರಿ ಕರ್ತವ್ಯವೆಂದರೆ ನಸುಕಿನಲ್ಲಿ ನಡೆಸುವ ಸ್ಥಳ ಮಹಜರು. ಕಸ್ಟಡಿಯಲ್ಲಿದ್ದಷ್ಟು ದಿನ ತಲೆ ತಗ್ಗಿಸಿ ಕುಳಿತಿದ್ದ ಆರೋಪಿ, ಊರಾಚೆಯ ಬಯಲಿಗೆ ಕಾಲಿಟ್ಟೊಡನೆ ಮಹಾವೀರನಾಗಿ, ಸುತ್ತ ನಿಂತ ಶಸ್ತ್ರಸಜ್ಜಿತ ಸಿಬ್ಬಂದಿಯಿಂದಲೇ ಪಿಸ್ತೂಲು ಕಸಿದು, ಶರಣಾಗುವಂತೆ ನೀಡಿದ ಎಚ್ಚರಿಕೆಯನ್ನೂ ಲೆಕ್ಕಿಸದೆ, ಕೊನೆಗೆ 'ಅನಿವಾರ್ಯವಾಗಿ ಆತ್ಮರಕ್ಷಣೆಗಾಗಿ' ಹಾರಿಸಿದ ಗುಂಡಿಗೆ ಬಲಿಯಾಗುತ್ತಾನೆ. ಪತ್ರಿಕಾ ಪ್ರಕಟಣೆಯಲ್ಲಿ ಊರು ಮತ್ತು ದಿನಾಂಕಕ್ಕಷ್ಟೇ ಜಾಗ ಬಿಟ್ಟಿದ್ದರೆ ಸಾಕು. (ಕರ್ನಾಟಕದಲ್ಲಿ ಈ ಗುಂಡು ಹೆಚ್ಚಾಗಿ ಕಾಲಿಗೇ ತಗಲುತ್ತದೆ, ನಮ್ಮವರ ಗುರಿ ಕೊಂಚ ಕೆಳಮಟ್ಟದ್ದು.)

2019ರ ಡಿಸೆಂಬರ್ 6ರಂದು ಹೈದರಾಬಾದ್ ಸಮೀಪದ ಚಟಾನ್‌ಪಲ್ಲಿಯಲ್ಲಿ, ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಹೀಗೆಯೇ ಸತ್ತರು. ಆಕೆಯ ಮೇಲೆ ನಡೆದ ಕೃತ್ಯದ ಘೋರತೆಯಲ್ಲಿ ನಗುವಂಥದ್ದೇನೂ ಇಲ್ಲ. ನಗೆಪಾಟಲಾದದ್ದು ಅನಂತರದ ಕಥೆ. ಆ ಬೆಳಿಗ್ಗೆ ಜನ ಸೇತುವೆಯ ಮೇಲಿಂದ ಪೊಲೀಸರ ಮೇಲೆ ಹೂವಿನ ಪಕಳೆ ಎರಚಿದರು. ಕೂದಲೆಳೆಯಲ್ಲಿ ಪ್ರಾಣ ಉಳಿಸಿಕೊಂಡವನಿಗೆ 'ಸದ್ಯ, ಏನೂ ಆಗಲಿಲ್ಲವಲ್ಲ' ಎಂದು ಸಮಾಧಾನ ಹೇಳುವುದು ವಾಡಿಕೆ. ಅಲ್ಲಿ ಮೊಳಗಿದ್ದು ಜೈಕಾರ. ಆತ್ಮರಕ್ಷಣೆಯ ಕಥೆಯನ್ನು ಜನ ನಂಬಿರಲಿಲ್ಲ, ನಂಬದೆಯೇ ಮೆಚ್ಚಿದ್ದರು.

ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗವಂತೂ ನಂಬಲೂ ಇಲ್ಲ, ಮೆಚ್ಚಲೂ ಇಲ್ಲ. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರನ್ನು ಕೊಲೆ ಆರೋಪದ ಮೇಲೆ ವಿಚಾರಣೆಗೆ ಒಳಪಡಿಸಬೇಕು ಎಂದ ಅದರ ವರದಿ 2022ರಲ್ಲಿ ಬಹಿರಂಗವಾಯಿತು. ಸತ್ತವರಲ್ಲಿ ಮೂವರು ಅಪ್ರಾಪ್ತರಾಗಿದ್ದರೆಂದೂ ಅದು ಹೇಳಿತು. ಆ ವರದಿಯ ಮೇಲೆ ಹೂವು ಬಿದ್ದ ಸುದ್ದಿಯಿಲ್ಲ.

ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಕೂಡದೆಂದು ಅಂದಿನ ದಂಡಸಂಹಿತೆಯ 99ನೇ ಕಲಮು ಹೇಳುತ್ತಿತ್ತು. ಇಂದಿನ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ. ಮೈಮೇಲೆ ಬಿದ್ದವನನ್ನು ಕೈಗೆ ಸಿಕ್ಕ ಕುಡುಗೋಲಿನಿಂದ ಹೊಡೆದು ಕೊಂದ ಹೆಂಗಸಿನ ಮೇಲೆ ಮೊದಲು ಕೊಲೆ ಕೇಸು ದಾಖಲಾಗುತ್ತದೆ. ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ಆಕೆಯದೇ. ಇಲಾಖೆಗೆ ಈ ತಾಪತ್ರಯವಿಲ್ಲ. ಎನ್‌ಕೌಂಟರ್ ಸಾವುಗಳ ತನಿಖೆಗೆಂದು 2014ರಲ್ಲಿ 16 ಮಾರ್ಗಸೂಚಿಗಳನ್ನು ಕೊಟ್ಟ ಸುಪ್ರೀಂ ಕೋರ್ಟ್, ಘಟನೆಯ ಬೆನ್ನಿಗೇ ಶೌರ್ಯ ಪ್ರಶಸ್ತಿ, ಬಡ್ತಿ ಕೊಡಬೇಡಿ ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಕೊಡುವ ಆತುರ ಎಷ್ಟಿತ್ತೋ ಊಹಿಸಿಕೊಳ್ಳಿ.

ಹಾಗೆಂದು ಎಫ್‌ಐಆರ್ ದಾಖಲಾಗುವುದೇ ಇಲ್ಲವೆಂದಲ್ಲ. ಪೊಲೀಸರ ಕೊಲೆಗೆ ಯತ್ನಿಸಿದನೆಂದು ಸತ್ತವನ ಮೇಲೆಯೇ ಶಿಸ್ತಾಗಿ ದಾಖಲಾಗುತ್ತದೆ. ಆಮೇಲೆ, ಆರೋಪಿ ಮೃತಪಟ್ಟಿರುವ ಕಾರಣ ಪ್ರಕರಣವನ್ನು ಮುಕ್ತಾಯಗೊಳಿಸಲಾಗುತ್ತದೆ.